ಹೇಸರಗತ್ತೆ ಕಟ್ಟಿದ ಕಲ್ಲು

ಒಂದೇ ಸುಳ್ಳನ್ನು ಮೂವತ್ತಾರು ವರ್ಷ ಹೇಳಿಕೊಂಡು ಬಂದರೆ ಅದಕ್ಕೂ ಒಂದು ರಾಗ ಕೂಡಿಬಿಡುತ್ತದೆ. ತಲ್-ಹರ್ರೂಬ್ ಗುಡಿಯ ಬೀಗದಕೈ ಇಟ್ಟುಕೊಂಡಿದ್ದ ವಿಸ್ತಿನ್‌ನ ವಿಷಯದಲ್ಲಿ ಹಾಗೇ ಆಗಿತ್ತು. ಪ್ರವಾಸಿಗರನ್ನು ಎರಡನೆಯ ಕೋಣೆಗೆ ಕರೆದೊಯ್ಯುವುದು, ನೆಟ್ಟಗೆ ನಿಂತ ತೆಳು ಚಪ್ಪಡಿಯ ಮುಂದೆ ನಿಲ್ಲಿಸುವುದು, ಗಂಟಲು ಸರಿಮಾಡಿಕೊಂಡು ಎದೆಮಟ್ಟದಲ್ಲಿದ್ದ ಗುಂಡನೆಯ ತೂತನ್ನು ತೋರಿಸುವುದು. "ಐದು ಸಾವಿರ ವರ್ಷ," ಎನ್ನುವುದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಸುಮ್ಮನಿರುವುದೇ ಅದರಲ್ಲಿ ಮುಖ್ಯ. ಅಷ್ಟರಲ್ಲಿ ಜರ್ಮನಿಯವರು ಟೋಪಿ ತೆಗೆಯುತ್ತಿದ್ದರು, ಇಂಗ್ಲೆಂಡಿನವರು ಫೋಟೋ ತೆಗೆಯುತ್ತಿದ್ದರು, ಇಟಲಿಯವರು ಮಾತ್ರ ಮಾತಾಡುತ್ತಲೇ ಇರುತ್ತಿದ್ದರು.

ಗುಡಿಗೆ ಐದು ಸಾವಿರ ವರ್ಷ ಆಗಿದ್ದದ್ದು ನಿಜ. ತೂತಿಗೆ ಆಗಿದ್ದದ್ದು ಐವತ್ತೊಂದು. ಕೊರೆದವನು ವಿಸ್ತಿನ್.

ಆಗ ಅವನಿಗೆ ಇಪ್ಪತ್ತು ವರ್ಷ. ಈಗ ತಂತಿಬೇಲಿ, ಬೋರ್ಡು, ಟಿಕೆಟ್ ಗೂಡು ಎಲ್ಲ ಇರುವ ಜಾಗ ಆಗ ಅವರ ಹೊಲದ ಒಂದು ಮೂಲೆ. ಯಾವ ಕಾಲದವೋ ಏನೋ, ಗಾಡಿಗಾತ್ರದ ಕಲ್ಲುಗಳು ಅರ್ಧ ಮಣ್ಣಿನಲ್ಲಿ, ಅರ್ಧ ಪಾಪಾಸುಕಳ್ಳಿಯಲ್ಲಿ ಹುದುಗಿ ನಿಂತಿದ್ದವು. ಕಂಕುಳಲ್ಲಿ ಮಗು ಎತ್ತಿಕೊಂಡ ರಾಕ್ಷಸಿಯೊಬ್ಬಳು ಅವನ್ನೆಲ್ಲ ತಲೆಯ ಮೇಲೆ ಹೊತ್ತು ತಂದಳೆಂದು ಅಜ್ಜಿಯರು ಹೇಳುತ್ತಿದ್ದರು. ವಿಸ್ತಿನ್‌ನ ಅಪ್ಪ ಕಾಲ್ಚಿದೋನನಿಗೆ ರಾಕ್ಷಸಿಯ ಉಸಾಬರಿ ಬೇಕಿರಲಿಲ್ಲ. ಕಡಲ ಗಾಳಿಗೆ ಮರೆಯಾಗಿ ಗೋಡೆಗಳು ಪುಕ್ಕಟೆ ಸಿಕ್ಕಿವೆಯಲ್ಲ, ಅಷ್ಟು ಸಾಕಿತ್ತು. ಅಲ್ಲಿ ತನ್ನ ಹೇಸರಗತ್ತೆಯನ್ನು ಕಟ್ಟಬೇಕೆಂದುಕೊಂಡ.

ಗೋಜೋ ದ್ವೀಪದಲ್ಲಿ ಪ್ರಾಣಿ ಕಟ್ಟಲು ಯಾರೂ ಗೂಟ ಹುಡುಕುವುದಿಲ್ಲ. ಗೋಡೆಯ ಕಲ್ಲಿಗೇ ತೂತು ಕೊರೆದು ಹಗ್ಗ ಪೋಣಿಸುತ್ತಾರೆ. ಬಾಗಿಲ ಪಕ್ಕ ಅಂಥದೊಂದು ಕಲ್ಲಿಲ್ಲದ ಹಳೇ ಮನೆ ಇಡೀ ದ್ವೀಪದಲ್ಲಿ ಸಿಗುವುದು ಕಷ್ಟ. ಆದರೆ ಸ್ತೆಲ್ಲಾ ಎಂಬ ಆ ಹೇಸರಗತ್ತೆ ಮಹಾ ಕಿಲಾಡಿ, ಕಣ್ಣಿಗೆ ಬಿದ್ದ ಗಂಟನ್ನೆಲ್ಲ ಹಲ್ಲಿನಿಂದ ಬಿಚ್ಚಿ ಪಕ್ಕದವರ ಹುಲ್ಲು ಮೇಯಲು ಹೋಗುತ್ತಿತ್ತು. ಅದಕ್ಕೆ ಒಂದೇ ಉಪಾಯವೆಂದರೆ ತೂತನ್ನು ಚಪ್ಪಡಿಯ ಆಚೆ ಬದಿಗೂ ಹಾಯಿಸಿ, ಹಗ್ಗದ ತುದಿಗೆ ಆ ಕಡೆಯಿಂದ ಮರದ ತುಂಡು ಕಟ್ಟುವುದು. ಅಪ್ಪನ ದಪ್ಪ ಬೈರಿಗೆ ಹಿಡಿದು ವಿಸ್ತಿನ್ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದ. ಮೆದು ಕಲ್ಲು, ಹಿಟ್ಟಿನ ಹಾಗೆ ಉದುರಿತು. ಹಗ್ಗ ಸವೆಯಬಾರದೆಂದು ಅಂಚಿಗೆ ಅರ ಹಾಕಿ ನುಣ್ಣಗೂ ಮಾಡಿದ. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಿಂದ ಮನೆಗೆ ಹೋಗಿ ಉಂಡು ಮಲಗಿದ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನಾಚಿಕೆಯೆಲ್ಲ ಶುರುವಾದದ್ದು ಆಮೇಲೆ.

ಸರ್ಕಾರದವರು ಬಂದರು, ಅಗೆದರು, ಬೇಲಿ ಹಾಕಿದರು, ಹೊಲ ತೆಗೆದುಕೊಂಡರು. ಹೊಲ ಹೋದದ್ದಕ್ಕೆ ಸಮಾಧಾನವೆಂಬಂತೆ ವಿಸ್ತಿನ್‌ಗೆ ಬೀಗದಕೈ ಕೊಟ್ಟು, ತಿಂಗಳ ಸಂಬಳದ ಮೇಲೆ ಕಾವಲು ಕೂರಿಸಿದರು. ಹಳೇ ಕಲ್ಲಿಗೆ ಕೈಯಿಕ್ಕಿದವರಿಗೆ ಜೈಲು ಎಂದು ಬರೆದ ಬೋರ್ಡನ್ನು ಗೋಡೆಗೆ ಹೊಡೆದವನೂ ಅವನೇ. ಮೊಳೆ ಹೊಡೆಯುವಾಗ ಎರಡು ಸಲ ಬೆರಳಿಗೇ ಬಡಿದುಕೊಂಡ.

ಆ ಹೊತ್ತಿಗೆ ಕಡಲಾಚೆಯ ರಾಜಧಾನಿ ವಲ್ಲೆಟ್ಟಾದಿಂದ, ಹಳೇ ಗುಡಿಗಳ ಅಧ್ಯಯನ ಮಾಡುವ ಎರ್ಮಿನಿಯಾ ಎಂಬ ಹುಡುಗಿ ಬಂದಳು. ಇಪ್ಪತ್ತೇಳು ವರ್ಷ, ಕೈಯಲ್ಲಿ ಅಳತೆಪಟ್ಟಿ, ಮೂಗಿನ ತುದಿಗೆ ಬಿಸಿಲು ಬಡಿದ ಕೆಂಪು. ಇಡೀ ದಿನ ಕಲ್ಲು ಅಳೆದು ಕೊನೆಗೆ ಚಪ್ಪಡಿಯ ಮುಂದೆ ನಿಂತು, "ಅಗೆಯೋದಕ್ಕಿಂತ ಮುಂಚೆನೂ ಈ ತೂತು ಇತ್ತಾ?" ಎಂದು ಕೇಳಿದಳು. ವಿಸ್ತಿನ್‌ಗೆ ಬೋರ್ಡು ನೆನಪಾಯಿತು. ಮನೆಯಲ್ಲಿ ಹೆಂಡತಿ ಚೆತ್ತಾ ತುಂಬು ಬಸುರಿ. "ಇತ್ತು," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹುಡುಗಿಯ ಮುಖ ಅರಳಿದ್ದು ನೋಡಿ ಇನ್ನೂ ಸ್ವಲ್ಪ ಕೊಡೋಣವೆನಿಸಿತು. "ನಮ್ಮಜ್ಜ ಹೇಳ್ತಿದ್ರು. ಚಳಿಗಾಲದಲ್ಲಿ, ಹಗಲು ತೀರಾ ಚಿಕ್ಕದಾದಾಗ, ಬೆಳಿಗ್ಗೆ ಸೂರ್ಯ ಇದರೊಳಗಿಂದ ಬಂದು ಆ ಪೀಠದ ಮೇಲೆ ಕೂತ್ಕೋತಾನೆ ಅಂತ."

ಬೆಳಕಿನ ಮಾತು ನಿಜವೇ. ಸ್ತೆಲ್ಲಾಗೆ ಹುಲ್ಲು ಹಾಕಲು ಹೋಗಿದ್ದ ಒಂದು ಡಿಸೆಂಬರ್ ಬೆಳಿಗ್ಗೆ ಅವನು ಕಣ್ಣಾರೆ ಕಂಡಿದ್ದ. ಆದರೆ ಅಜ್ಜ ಹೇಳಿದ್ದು ಸುಳ್ಳು. ಅಜ್ಜ ತೀರಿಕೊಂಡಾಗ ವಿಸ್ತಿನ್‌ಗೆ ನಾಲ್ಕು ವರ್ಷ. ನೆನಪಿದ್ದದ್ದು ನಶ್ಯದ ವಾಸನೆಯ ಒಂದು ಗಡ್ಡ ಮಾತ್ರ.

ಎರ್ಮಿನಿಯಾ ಡಿಸೆಂಬರಿನಲ್ಲಿ ಮತ್ತೆ ಬಂದಳು. ಬೆಳಕು ಬಂತು. ಅವಳು ಅತ್ತಳು. ಅಲ್ಲಿಂದ ಪ್ರತಿ ಡಿಸೆಂಬರಿಗೂ ಬಂದಳು. ಹುಡುಗಿ ಅದೇ ಓದಿನಲ್ಲಿ ಡಾಕ್ಟರಾದಳು, ಕೂದಲು ಬೆಳ್ಳಗಾಯಿತು, ಒಂದು ಮಂಡಿ ಹೋಯಿತು, ಕೋಲು ಹಿಡಿದಳು. ವಿಸ್ತಿನ್‌ನ ಹೆಸರು ಐದು ಭಾಷೆಗಳಲ್ಲಿ ಅಚ್ಚಾಯಿತು.

ಅವನು ಕೆಟ್ಟವನೇನಲ್ಲ. ಶನಿವಾರ ಶನಿವಾರ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿಕೊಳ್ಳುವವನು. ಊರಿನ ಪಾದ್ರಿಯ ಹತ್ತಿರ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿಕೊಳ್ಳುತ್ತಿದ್ದ. ಒಮ್ಮೆ ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಹೊರಗಿನಿಂದ ಬಂದ ಸನ್ಯಾಸಿಯೊಬ್ಬರ ಬಳಿ, ಗುರುತು ಸಿಗದಂತೆ ದನಿ ಬದಲಿಸಿಕೊಂಡು ಹೇಳಿದ್ದ. ಊರ ಗಂಡಸರೆಲ್ಲ ನಾಚಿಕೆಗೇಡು ಪಾಪಗಳನ್ನು ಹೀಗೆ ಪರವೂರ ಸನ್ಯಾಸಿಗಳಿಗೆಂದೇ ಕೂಡಿಟ್ಟುಕೊಂಡಿರುತ್ತಾರೆ. ಸನ್ಯಾಸಿ ಕೇಳಿ, "ಕಲ್ಲಿಗೆ ತೂತಾ? ಕಲ್ಲಿಗೇನು ನೋವಾಗುತ್ತೇನಪ್ಪಾ?" ಎಂದು ನಕ್ಕು, ಮೂರು ಜಪ ಹೇಳಿ ಕಳಿಸಿದ್ದರು. ಮೂರು ಜಪದಲ್ಲಿ ಅದು ತೊಳೆದುಹೋಗಲಿಲ್ಲ.

ಈ ಡಿಸೆಂಬರಿನ ಗುರುವಾರ ಎರ್ಮಿನಿಯಾ ಬಂದಾಗ ವಿಸ್ತಿನ್ ಗುಡಿಗೆ ಹೆಸರು ಕೊಟ್ಟ ಹರ್ರೂಬ್ ಮರದ ಕೆಳಗೆ ಕೂತು, ಎಣ್ಣೆ ಟೊಮ್ಯಾಟೊ ಸವರಿದ ರೊಟ್ಟಿ ತಿನ್ನುತ್ತಿದ್ದ. ಅವಳು ಕೋಲನ್ನು ಮರಕ್ಕೆ ಆನಿಸಿ, ಬಟ್ಟೆಚೀಲದಿಂದ ಒಂದು ದಪ್ಪ ಕಾಗದದ ಕಟ್ಟು ತೆಗೆದಳು.

"ಕೈ ಒರೆಸ್ಕೊಳ್ಳಿ ವಿಸ್ತಿನ್. ಎಣ್ಣೆ ಕೈಯಲ್ಲಿ ಮುಟ್ಟೋ ಹಾಗಿಲ್ಲ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ. "ಏನಿದು ಸಿನ್ಯೂರಾ?"

"ಪುಸ್ತಕ, ಈ ತೂತಿನ ಬಗ್ಗೆ. ಸೋಮವಾರ ಅಚ್ಚಿಗೆ ಹೋಗುತ್ತೆ. ಮೊದಲನೇ ಪುಟ ಓದಿ, ಜೋರಾಗಿ."

ವಿಸ್ತಿನ್ ಕನ್ನಡಕ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ತಳ್ಳಿದ. ಆಮೇಲೆ ಓದಲೇಬೇಕಾಯಿತು. "ತಲ್-ಹರ್ರೂಬಿನ ವಿಸ್ತಿನ್‌ಗೆ. ಕಂಡದ್ದನ್ನು ಮರೆಯದ ಅವನ ಅಜ್ಜನಿಗೆ."

ರೊಟ್ಟಿ ಗಂಟಲಲ್ಲೇ ನಿಂತಿತು. ಅವನು ಕೆಮ್ಮಿದ. ಅವಳಿಗೆ ಅದು ಅಳು ತಡೆಯುವ ಕೆಮ್ಮಿನಂತೆ ಕಂಡಿರಬೇಕು, ಅವನ ಮೊಣಕೈ ಹಿಡಿದುಕೊಂಡಳು.

"ನಿಮಗೆ ಗೊತ್ತಾ, ಶುರುನಲ್ಲಿ ದೊಡ್ಡ ವಿದ್ವಾಂಸರೆಲ್ಲ ನನ್ನ ನೋಡಿ ನಗ್ತಿದ್ರು. ತೂತಲ್ಲಿ ಕಣ್ಣಿಟ್ಟವಳು ಅಂತ ಹಿಂದಿನಿಂದ ಹೇಳೋರು. ಸಾಕ್ಷಿ ಎಲ್ಲಿ, ಸಾಕ್ಷಿ ಎಲ್ಲಿ ಅಂತ ಒಂದೇ ಮಾತು. ಆಗೆಲ್ಲ ನನ್ನ ಕೈಲಿದ್ದದ್ದು ನಿಮ್ಮಜ್ಜನ ಮಾತೊಂದೇ. ಯಾವತ್ತೂ ಶಾಲೆ ಮೆಟ್ಟಿಲು ಹತ್ತದ ರೈತ, ಅವರಿಗೆ ಸುಳ್ಳು ಹೇಳಿ ಏನಾಗಬೇಕು ಅಂತ ಕೇಳ್ತಿದ್ದೆ. ಬಾಯಿ ಮುಚ್ಕೋತಿದ್ರು."

"ಹೌದಾ," ಎಂದ ವಿಸ್ತಿನ್.

"ಭಾನುವಾರ ಬೆಳಿಗ್ಗೆ ಬೆಳಕು ನೋಡೋಕೆ ಟೀವಿಯವರೂ ಬರ್ತಾರೆ. ಈ ಸಲ ನಾನಲ್ಲ, ನೀವು ಹೇಳ್ಬೇಕು. ಅಜ್ಜನ ಮಾತು ನಿಮ್ಮ ಬಾಯಲ್ಲೇ ಬರಲಿ. ಆಯ್ತಾ?"

ಅವನು ತಲೆಯಾಡಿಸಿದ. ಅದು ಹೂಂ ಎಂದೋ ಉಹೂಂ ಎಂದೋ ಅವನಿಗೇ ಗೊತ್ತಿರಲಿಲ್ಲ. ಅವಳು ಹೂಂ ಎಂದೇ ತಿಳಿದು ಕುಂಟುತ್ತ ಬಸ್ಸಿಗೆ ಹೋದಳು.

ಹೇಳಿಬಿಡಬೇಕು ಎಂದು ಅವನಿಗೆ ಅನಿಸಿದ್ದು ಆಗಲೇ. ಇಷ್ಟು ವರ್ಷ ಸುಳ್ಳು ಬಾಯಿಮಾತಾಗಿತ್ತು, ಬಂದವರ ಕಿವಿಯೊಳಗೆ ಹೋಗಿ ಅವರ ಜೊತೆಗೇ ಹಡಗು ಹತ್ತಿ ಹೋಗುತ್ತಿತ್ತು. ಈಗ ಪುಸ್ತಕದ ಮೊದಲ ಪುಟದಲ್ಲಿ, ಸತ್ತ ಅಜ್ಜನನ್ನೂ ಜೊತೆಗೆ ಎಳೆದುಕೊಂಡು ಕೂರಲಿದೆ. ಸೋಮವಾರ ಕಳೆದರೆ ಹೇಳಿಯೂ ಪ್ರಯೋಜನವಿಲ್ಲ. ಹಾಗೆಂದು ಹೇಳಿದರೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಕೆಲಸದ ಭಯವಲ್ಲ, ಎಪ್ಪತ್ತೊಂದನೇ ವಯಸ್ಸಿನಲ್ಲಿ ಯಾರು ಜೈಲಿಗೆ ಹಾಕುತ್ತಾರೆ? ಭಯ ಅಡ್ಡಹೆಸರಿನದು.

ಅವರೂರಲ್ಲಿ ಅಡ್ಡಹೆಸರು ಅಂಟಿದರೆ ಗೋರಿಯವರೆಗೂ ಬರುತ್ತದೆ. ಸಾವಿನ ಚೀಟಿಯಲ್ಲೂ ಅದನ್ನು ಅಚ್ಚು ಹಾಕುತ್ತಾರೆ, ಇಲ್ಲದಿದ್ದರೆ ಸತ್ತವರು ಯಾರೆಂದು ಜನಕ್ಕೆ ತಿಳಿಯುವುದಿಲ್ಲ. ಯಾವನೋ ಒಬ್ಬ ನೂರು ವರ್ಷದ ಹಿಂದೆ ಹಬ್ಬದೂಟದಲ್ಲಿ ಮೊಲವೆಂದು ಬೆಕ್ಕನ್ನು ತಿಂದನಂತೆ. ಅವನ ಮರಿಮಗಳು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ, ಇವತ್ತಿಗೂ ಅವಳು ಬೆಕ್ಕು ತಿಂದವರ ಮನೆಯವಳು. ವಿಸ್ತಿನ್‌ನ ಮಗಳು ಡೋರಿಸ್ ಶಾಲೆಯಲ್ಲಿ ಟೀಚರು. ಪ್ರತಿ ವರ್ಷ ತನ್ನ ತರಗತಿಯನ್ನು ಸಾಲಾಗಿ ಕರೆತಂದು ಆ ತೂತು ತೋರಿಸಿ, ಮುತ್ತಜ್ಜನ ಕತೆ ಹೇಳುತ್ತಾಳೆ.

ಮನೆಗೆ ಬಂದಾಗ ಚೆತ್ತಾ ಬಟ್ಟೆಯ ಬೀರುವಿನೊಳಗೆ ತಲೆ ಹಾಕಿಕೊಂಡಿದ್ದಳು. ಕ್ರಿಸ್‌ಮಸ್ ಗೋದಲಿಗೆಂದು ಕತ್ತಲಲ್ಲಿ ಹತ್ತಿಯ ಮೇಲೆ ಮೊಳಕೆ ಬೆಳೆಸುತ್ತಿದ್ದಳು. ಬಿಸಿಲು ಕಾಣದ ಮೊಳಕೆ ಬಿಳೀ ಗಡ್ಡದ ಹಾಗೆ ತಟ್ಟೆಯಿಂದ ಇಳಿಬಿದ್ದಿತ್ತು.

"ಬಾಗಿಲು ಹಾಕು, ಬೆಳಕು ಬೀಳುತ್ತೆ," ಎಂದಳು. "ಸೂಟು ಇಸ್ತ್ರಿ ಮಾಡಿಟ್ಟಿದೀನಿ. ಟೀವಿನಲ್ಲಿ ಬರೋವಾಗ ಆ ಹಳೇ ಟೋಪಿ ಹಾಕ್ಕೊಂಡೆ ಅಂದ್ರೆ ನಾನು ಯಾರಿಗೂ ನಿನ್ನ ಹೆಂಡ್ತಿ ಅಂತ ಹೇಳಲ್ಲ."

"ಚೆತ್ತಾ, ಆ ತೂತು..."

"ಏನಾಯ್ತು ತೂತಿಗೆ?"

"ಅದನ್ನ ಕೊರೆದಿದ್ದು ನಾನು."

ಚೆತ್ತಾ ಬೀರುವಿನಿಂದ ತಲೆ ಹೊರಗೆ ತೆಗೆದು ಅವನನ್ನು ನೋಡಿದಳು. "ಅದನ್ನ ನನಗೆ ಹೇಳ್ತೀಯಾ? ಮದುವೆಗೆ ಮುಂಚೆ ಹುಲ್ಲು ಹಾಕೋ ನೆಪದಲ್ಲಿ ನಾನಲ್ಲಿಗೆ ಬರ್ತಿದ್ದದ್ದು ಯಾಕೆ, ಹೇಸರಗತ್ತೆ ಮೇಲಿನ ಪ್ರೀತಿಗಾ? ಆ ಹಗ್ಗ ನಾನೇ ಎಷ್ಟು ಸಲ ಕಟ್ಟಿಲ್ಲ!"

ವಿಸ್ತಿನ್ ಮಂಚದ ಮೇಲೆ ಕುಕ್ಕರಿಸಿದ. "ಇಷ್ಟು ವರ್ಷ ಗೊತ್ತಿದ್ದೂ ಸುಮ್ನಿದ್ದೆಯಲ್ಲೇ."

"ನೀನು ಸುಳ್ಳು ಹೇಳ್ತಿದ್ದೆ, ನಾನು ಸುಮ್ನಿದ್ದೆ. ಗಂಡ ಹೆಂಡ್ತಿ ಅಂದ್ಮೇಲೆ ಇನ್ನೇನು ಮತ್ತೆ?"

"ಅವಳಿಗೆ ಹೇಳ್ಬಿಡ್ತೀನಿ."

"ಹುಚ್ಚು ಹಿಡಿದಿದೆಯಾ? ಡೋರಿಸ್ ಮುಖ ಎತ್ಕೊಂಡು ಶಾಲೆಗೆ ಹೋಗೋದು ಬೇಡ್ವಾ? ಅವಳ ಮಕ್ಕಳನ್ನ ಊರವರು ಏನಂತ ಕರೀಬೇಕು? ಆ ಡಾಕ್ಟರಮ್ಮಂಗೆ ಹಿಂದಿಲ್ಲ ಮುಂದಿಲ್ಲ, ಪುಸ್ತಕ ಬರ್ಕೊಂಡು ಸುಖವಾಗಿರ್ಲಿ ಬಿಡು. ಸುಳ್ಳಿಂದ ಯಾರಿಗೆ ಏನು ನಷ್ಟ ಆಗಿದೆ ಹೇಳು?"

ಶನಿವಾರ ವಿಸ್ತಿನ್ ಹಿತ್ತಲ ಕೊಟ್ಟಿಗೆಗೆ ಹೋಗಿ, ಬಲೆ, ಗುದ್ದಲಿ, ಮುರಿದ ಸೈಕಲ್ಲುಗಳ ಅಡಿಯಿಂದ ಅಪ್ಪನ ಬೈರಿಗೆಯನ್ನು ಎಳೆದು ತೆಗೆದ. ತುಕ್ಕು ಹಿಡಿದಿತ್ತು. ಗೋಣಿಯಲ್ಲಿ ಸುತ್ತಿ ಬಾಗಿಲ ಹಿಂದೆ ಇಟ್ಟ. ಚೆತ್ತಾ ಅದನ್ನು ನೋಡಿದಳು.

ಭಾನುವಾರ ಆರು ಗಂಟೆಗೆಲ್ಲ ಅವನು ಗೇಟಿಗೆ ಬಂದರೆ ಎರ್ಮಿನಿಯಾ ಆಗಲೇ ಕಾಯುತ್ತಿದ್ದಳು. ಜನ ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಕೊರಳಿಗೆ ಹೊಸ ಕೆಂಪು ಶಾಲು ಸುತ್ತಿಕೊಂಡಿದ್ದಳು. "ಆಕಾಶ ನೋಡಿ ವಿಸ್ತಿನ್, ಒಂದು ಚೂರು ಮೋಡ ಇಲ್ಲ!" ಎಂದಳು. ಆ ದನಿ ಇಪ್ಪತ್ತೇಳು ವರ್ಷದ ಹುಡುಗಿಯದೇ. ವಿಸ್ತಿನ್ ಗೋಣಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀಗ ತೆಗೆದ.

ಎರಡನೆಯ ಕೋಣೆಯಲ್ಲಿ ಅವನು ಗೋಣಿ ಬಿಚ್ಚಿದ. ಮಾತು ಶುರು ಮಾಡಿದರೆ ಮತ್ತೆ ಎಲ್ಲಿಗಾದರೂ ಜಾರಿಕೊಂಡೇನೆಂದು ಹೆದರಿ, ಮೊದಲು ಬೈರಿಗೆಯನ್ನೇ ಎತ್ತಿ ತೂತಿನೊಳಗಿಟ್ಟ. ಅದು ಸಲೀಸಾಗಿ ಒಳಗೆ ಹೋಯಿತು. ತಿರುಗಿಸಿದ. ಒಂದಿಷ್ಟೂ ಅಲುಗಾಟವಿಲ್ಲದೆ ತಿರುಗಿತು.

"ಇದು ನಮ್ಮಪ್ಪಂದು ಸಿನ್ಯೂರಾ," ಎಂದ. "ಕೊರೆದಿದ್ದು ನಾನು. ಹೇಸರಗತ್ತೆ ಕಟ್ಟೋಕೆ."

ಅವಳು ಬೈರಿಗೆಯನ್ನು ನೋಡಿದಳು, ತೂತನ್ನು ನೋಡಿದಳು. ತಮಾಷೆಯೇನೋ ಎಂದು ಅವನ ಮುಖವನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಹೊಸ್ತಿಲುಗಲ್ಲಿನ ಮೇಲೆ ಕೂತಳು. ಮಂಡಿ ಬಗ್ಗದ ಕಾಲು ನೆಟ್ಟಗೆ ಮುಂದೆ ಚಾಚಿಕೊಂಡಿತ್ತು.

"ಅಂಚು?" ಎಂದು ಕೇಳಿದಳು.

"ಅರ ಹಾಕಿದ್ದೆ. ಹಗ್ಗ ಸವೀಬಾರ್ದು ಅಂತ."

"ಸುತ್ತ ಕಲ್ಲು ಅಷ್ಟು ನುಣುಪಾಗಿದೆಯಲ್ಲ. ಭಕ್ತರು ನೂರಾರು ವರ್ಷ ಕೈಯಿಂದ ಸವರಿದ್ದು ಅಂತ ನಲವತ್ತು ಪುಟ ಬರ್ದಿದೀನಿ."

ವಿಸ್ತಿನ್ ನೆಲ ನೋಡಿದ. "ಸ್ತೆಲ್ಲಾಗೆ ಕತ್ತು ನವೆ ಬರ್ತಿತ್ತು. ಅಲ್ಲೇ ಉಜ್ಜಿಕೊಳ್ಳೋಳು. ಆರು ವರ್ಷ."

ಅವಳ ಬಾಯಿಂದ ನಗುವಿನಂಥದ್ದೇನೋ ಒಂದು ಹೊರಟು ಅರ್ಧದಲ್ಲೇ ನಿಂತಿತು.

"ನಿಮ್ಮಜ್ಜ?"

"ನಂಗೆ ನಾಲ್ಕು ವರ್ಷ ಇದ್ದಾಗ ಹೋದ್ರು."

"ಯಾಕೆ ವಿಸ್ತಿನ್?"

ಕೆಲಸ ಹೋಗುತ್ತದೆಂದು ಹೆದರಿದ್ದು, ಚೆತ್ತಾ ಬಸುರಿ ಇದ್ದದ್ದು, ಜೈಲಿನ ಬೋರ್ಡು ಎಲ್ಲ ಹೇಳಿದ. ಅವಳು ಕೇಳಿಸಿಕೊಂಡಳು. "ಅದು ಮೊದಲನೇ ವರ್ಷದ ಮಾತು," ಎಂದಳು. "ಆಮೇಲೆ?"

"ಆಮೇಲೆ..." ಅವನ ಕಿವಿಗಳು ಬಿಸಿಯಾದವು. ಸೂಟಿನ ಕಾಲರು ಕತ್ತು ಹಿಡಿಯುತ್ತಿತ್ತು. ಇದನ್ನು ಅವನು ಪರವೂರ ಸನ್ಯಾಸಿಗೂ ಹೇಳಿರಲಿಲ್ಲ. "ಆಮೇಲೆ ನನಗೆ ಇಷ್ಟವಾಯ್ತು ಸಿನ್ಯೂರಾ. ಜನ ಬಂದು ಕೈ ಕುಲುಕೋರು. ಹೆಸರು ಪೇಪರಲ್ಲಿ ಬರೋದು. ನಂಗೆ ಅದು ಇಷ್ಟವಾಯ್ತು."

ಹೊರಗೆ ಕಡಲ ಕಡೆ ಆಕಾಶ ಬೆಳ್ಳಗಾಗುತ್ತಿತ್ತು. ಬೈದರೆ ಸಾಕಪ್ಪ ಎಂದು ವಿಸ್ತಿನ್ ಕಾಯುತ್ತಿದ್ದ. ಒಂದು ಕೋಲಿನೇಟು ಬಿದ್ದಿದ್ದರೂ ಒಡ್ಡಿಕೊಳ್ಳುತ್ತಿದ್ದ.

"ಕಲ್ಲಲ್ಲಿ ಉಪಕರಣದ ಗುರುತು ಹೇಗಿರುತ್ತೆ ಅಂತ ನಾನು ಪಾಠ ಮಾಡ್ತೀನಿ," ಎಂದಳು ಕೊನೆಗೆ. "ಬೇರೆ ಯಾವ ಕಲ್ಲಾದ್ರೂ ಆಗಿದ್ರೆ ಒಂದೇ ನೋಟಕ್ಕೆ ಹೇಳಿರ್ತಿದ್ದೆ. ಇದನ್ನ ಮಾತ್ರ ಸರಿಯಾಗಿ ನೋಡ್ಲೇ ಇಲ್ಲ. ನೋಡೋ ಮನಸ್ಸಿರಲಿಲ್ಲ." ಕೈ ಚಾಚಿದಳು. "ಅದನ್ನ ಕೊಡಿ ಇಲ್ಲಿ. ನಾನು ಇಟ್ಕೋತೀನಿ."

ಬೈರಿಗೆಯನ್ನು ಗೋಣಿಯ ಸಮೇತ ತನ್ನ ಬಟ್ಟೆಚೀಲಕ್ಕೆ ತುರುಕಿಕೊಂಡಳು. ಗೇಟಿನ ಕಡೆ ಕಾರುಗಳ ಸದ್ದು ಕೇಳಿಸಿತು. ಅವನು ಕೈಹಿಡಿದು ಎಬ್ಬಿಸಿದ. "ನಾನು ಹೇಳ್ಬೇಕಾದ್ದನ್ನ ನಾನು ಹೇಳ್ತೀನಿ," ಎಂದಳು ಅವಳು. "ನೀವು ಹೇಳ್ಬೇಕಾದ್ದನ್ನ ನೀವು ಹೇಳಿ."

ಅರವತ್ತು ಎಪ್ಪತ್ತು ಜನ ಸೇರಿದರು. ಊರವರಲ್ಲಿ ಅರ್ಧ, ಹೊರಗಿನವರು ಅರ್ಧ. ಊರಿನ ಬಾರು ನಡೆಸುವ ಸ್ಪೀರು ಇಸ್ತ್ರಿ ಶರ್ಟಿನಲ್ಲಿ ಬಂದಿದ್ದ. ಡೋರಿಸ್ ತನ್ನ ಇಬ್ಬರು ಮಕ್ಕಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದಳು. ಏಳು ಗಂಟೆ ದಾಟಿತು. ಎಂದಿನಂತೆ ಸೂರ್ಯನ ಬೆಳಕು ತೂತಿನೊಳಗಿಂದ ಹಾದು ಬಂದು ಎದುರಿನ ಪೀಠದ ಮೇಲೆ ಗುಂಡಗೆ ಕೂತಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅದು ಅಷ್ಟು ಚೆಂದವಿತ್ತು. ಎಷ್ಟು ವರ್ಷ ನೋಡಿದರೂ ಚೆಂದವೇ.

ಎರ್ಮಿನಿಯಾ ಕೋಲೂರಿ ಮುಂದೆ ಬಂದಳು.

"ಈ ತೂತು ಹಳೇದಲ್ಲ," ಎಂದಳು. "ಹೇಸರಗತ್ತೆ ಕಟ್ಟೋದಕ್ಕೆ ಕೊರೆದದ್ದು. ಈಚಿನದು. ಇವತ್ತು ಬೆಳಿಗ್ಗೆ ನನಗೆ ಖಾತ್ರಿಯಾಯ್ತು. ಮೂವತ್ತಾರು ವರ್ಷ ನಾನು ತಪ್ಪು ಹೇಳ್ಕೊಂಡು ಬಂದೆ. ಪುಸ್ತಕ ನಿಲ್ಲಿಸ್ತಾ ಇದೀನಿ. ಈ ಚಳಿಯಲ್ಲಿ ನಿಮ್ಮನ್ನೆಲ್ಲ ಕರೆಸಿದ್ದಕ್ಕೆ ಕ್ಷಮಿಸಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದುಗಡೆ ಯಾರೋ ಕಿಸಕ್ಕೆಂದರು.

"ಕೊರೆದಿದ್ದು ಯಾರು?" ಟೀವಿಯವನು ಕೇಳಿದ.

"ಯಾರು ಕೊರೆದರೇನು? ತನ್ನ ಪ್ರಾಣಿಗೋಸ್ಕರ ಕೊರೆದ, ಅಚ್ಚುಕಟ್ಟಾಗಿ ಕೊರೆದ. ತಪ್ಪಾಗಿ ಓದಿದವಳು ನಾನು."

ಅವಳು ವಿಸ್ತಿನ್ ಕಡೆ ನೋಡಲಿಲ್ಲ. ನೋಡಿದ್ದರೆ ಮಾತಾಡುತ್ತಿದ್ದೆನೇನೋ ಎಂದು ಅವನು ಆಮೇಲೆ ಎಷ್ಟೋ ದಿನ ಅಂದುಕೊಂಡ. ಅದೂ ಒಂದು ನೆಪವೇ. ಮಾತಾಡಲು ಬೇಕಾದಷ್ಟು ಹೊತ್ತಿತ್ತು. ಬೆಳಕು ಪೀಠದ ಮೇಲೆ ಇನ್ನೂ ಇತ್ತು. ಅವನು ಗೊಂಚಲಿನ ಕೀಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸುತ್ತ ನಿಂತ. ಟೀವಿಯವನು ಮೈಕನ್ನು ಅವನ ಮುಖಕ್ಕೇ ತಂದ. "ನಿಮ್ಮಜ್ಜ ಏನೋ ಹೇಳಿದ್ರು ಅಂತಾರಲ್ಲ?"

ಡೋರಿಸ್ ನೋಡುತ್ತಿದ್ದಳು. ಅವಳ ಮಕ್ಕಳು ನೋಡುತ್ತಿದ್ದರು.

"ಹಳೇ ಕಾಲದ ಮಾತು," ಎಂದ ವಿಸ್ತಿನ್. "ನಂಗೆ ಸರಿಯಾಗಿ ನೆನಪಿಲ್ಲ."

ಜನ ಚದುರಿದ ಮೇಲೆ ಎರ್ಮಿನಿಯಾ ಎಂದಿನಂತೆ ಅವನ ಕೈ ಕುಲುಕಿದಳು. ಬೈಗುಳವೂ ಇಲ್ಲ, ಕ್ಷಮೆಯ ಮಾತೂ ಇಲ್ಲ. "ಬರ್ತೀನಿ ವಿಸ್ತಿನ್," ಎಂದಷ್ಟೇ ಹೇಳಿ, ಭಾರದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಚೀಲ ಹೊರುತ್ತೇನೆ ಎನ್ನುವ ಧೈರ್ಯವೂ ಅವನಿಗೆ ಬರಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಇಡೀ ಊರಿಗೆ ಉತ್ತರ ಸಿಕ್ಕಿತ್ತು. ಯುದ್ಧದ ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಸಿಪಾಯಿಗಳು ತಮ್ಮ ಹೇಸರಗತ್ತೆ ಕಟ್ಟಲು ಕೊರೆದದ್ದಂತೆ. ಚರ್ಚಿನ ಮೆಟ್ಟಿಲ ಮೇಲೆ ಆ ಮಾತನ್ನು ಮೊದಲು ಆಡಿದವಳು ಚೆತ್ತಾ. "ನಮ್ಮತ್ತೆ ಹೇಳ್ತಿದ್ರು," ಎಂದೂ ಸೇರಿಸಿದ್ದಳಂತೆ. ವಿಸ್ತಿನ್ ಅವಳನ್ನು ಏನೂ ಕೇಳಲಿಲ್ಲ. ಕೇಳಲು ಮುಖವೆಲ್ಲಿತ್ತು? ಕತ್ತಲಲ್ಲಿ ಬೆಳೆದ ಬಿಳೀ ಮೊಳಕೆಯನ್ನು ಗೋದಲಿಯ ಸುತ್ತ ಜೋಡಿಸಲು ಅವಳಿಗೆ ನೆರವಾದ.

ಅವನು ಹೆದರಿದ್ದ ಅಡ್ಡಹೆಸರು ಕೊನೆಗೂ ಹುಟ್ಟಿತು, ಆದರೆ ಅವನ ಮನೆಗೆ ಬರಲಿಲ್ಲ. ದಾರಿ ತಪ್ಪದೆ ಸೀದಾ ಎರ್ಮಿನಿಯಾಳ ಹೆಗಲೇರಿತು. ಹೇಸರಗತ್ತೆ ಡಾಕ್ಟರು. ಪೇಪರಿನವರೂ ಬರೆದರು. ಅವಳು ಪಾಠ ಹೇಳುವುದನ್ನು ಬಿಟ್ಟಳೆಂದು ಯಾರೋ ಹಡಗಿನಲ್ಲಿ ಕೇಳಿಕೊಂಡು ಬಂದರು.

ಫೆಬ್ರವರಿಯಲ್ಲಿ ಕಾರ್ನಿವಲ್ ಬಂತು. ಗೋಜೋದಲ್ಲಿ ಕಾರ್ನಿವಲ್ ಎಂದರೆ ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅಣಕವನ್ನೆಲ್ಲ ಮುಖವಾಡ ಹಾಕಿಕೊಂಡು ಬೀದಿಗೆ ಸುರಿಯುವುದು. ಮಂತ್ರಿಯೆಂದಿಲ್ಲ, ಬಿಷಪ್ ಎಂದಿಲ್ಲ, ಯಾರನ್ನೂ ಬಿಡುವುದಿಲ್ಲ. ಮಧ್ಯಾಹ್ನ ವಿಸ್ತಿನ್ ಸ್ಪೀರುವಿನ ಬಾರಿನ ಬಾಗಿಲಲ್ಲಿ ನಾಲ್ಕು ಜನರೊಟ್ಟಿಗೆ ನಿಂತಿದ್ದಾಗ ಮೆರವಣಿಗೆ ತಿರುವಿಗೆ ಬಂತು. ಎಲ್ಲಕ್ಕಿಂತ ಮುಂದೆ ಒಂದೇ ಹೇಸರಗತ್ತೆಯ ವೇಷದೊಳಗೆ ಹೊಕ್ಕ ಇಬ್ಬರು. ಹಿಂದೆ ಹೆಣ್ಣುವೇಷದ ಒಬ್ಬ, ಬಿಳೀ ಕೂದಲು, ಕೆಂಪು ಶಾಲು. ಕೊರಳಿಗೆ ಕಟ್ಟಿದ ರಟ್ಟಿನ ಚಪ್ಪಡಿಯಲ್ಲಿ ಒಂದು ತೂತು. ಹೇಸರಗತ್ತೆ ಬಾಲ ಎತ್ತಿದಾಗಲೆಲ್ಲ ಅವನು ತೂತಿಗೆ ಕಣ್ಣಿಟ್ಟು, "ಐದು ಸಾವಿರ ವರ್ಷ! ಐದು ಸಾವಿರ ವರ್ಷ!" ಎಂದು ಕೀರಲು ದನಿಯಲ್ಲಿ ಕೂಗುತ್ತಿದ್ದ.

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ವಿಸ್ತಿನ್ ನಕ್ಕ.

ತಾನು ನಗುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದೇ ಸ್ವಲ್ಪ ತಡವಾಗಿ. ಅಷ್ಟರಲ್ಲಿ ವೇಷದವನು ಕೋಲೂರಿ, ಒಂದು ಕಾಲನ್ನು ನೆಟ್ಟಗೆ ಚಾಚಿ, ಎರ್ಮಿನಿಯಾ ನಡೆಯುವ ಹಾಗೇ ಕುಂಟುತ್ತ ಬಾರಿನ ಮುಂದೆ ಹಾದುಹೋದ. ಹೊಸ್ತಿಲುಗಲ್ಲಿನ ಮೇಲೆ ಕೂತಿದ್ದಾಗ ಆ ಕಾಲು ಹಾಗೇ ಚಾಚಿಕೊಂಡಿತ್ತು. ಥೂ, ನಾನೂ ಒಬ್ಬ ಮನುಷ್ಯನಾ ಎಂದು ವಿಸ್ತಿನ್‌ಗೆ ಅನಿಸಿತು. ಒಳಗೆ ಹೋಗಿ ಗಲ್ಲಾದ ಮೇಲೆ ಅಂಗೈ ಬಡಿದ.

"ನಗೋದು ನಿಲ್ಲಿಸ್ರೋ," ಎಂದ. ಅವನ ದನಿ ಅಷ್ಟು ಜೋರಾಗಿ ಬಂದದ್ದನ್ನು ಅಲ್ಲಿದ್ದವರು ಹಿಂದೆಂದೂ ಕೇಳಿರಲಿಲ್ಲ. "ಆ ತೂತು ಕೊರೆದಿದ್ದು ನಾನು. ಸಿಪಾಯಿಗಳಲ್ಲ. ನಾನು. ನಮ್ಮಪ್ಪನ ಬೈರಿಗೆಯಲ್ಲಿ. ಅವಳು ಕೇಳಿದಾಗ ಸುಳ್ಳು ಹೇಳ್ದೆ. ಅಜ್ಜನ ಮಾತೂ ಸುಳ್ಳು. ಅವಳದೇನೂ ತಪ್ಪಿಲ್ಲ. ನನ್ನ ನೋಡಿ ನಗ್ರೋ."

ಸ್ಪೀರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅವನನ್ನೇ ನೋಡಿದ. ಆಮೇಲೆ ಸ್ಪೀರುವಿನ ಕಣ್ಣು ತೇವವಾಯಿತು.

"ನೋಡ್ರಪ್ಪಾ," ಎಂದ ಸ್ಪೀರು ಉಳಿದವರಿಗೆ. "ಇದು ದೊಡ್ಡತನ ಅಂದ್ರೆ. ಆ ಹೆಂಗಸಿನ ಮಾನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೋತಾ ಇದಾನೆ."

"ಅಲ್ಲ ಕಣೋ! ನಿಜ ಹೇಳ್ತಿದೀನಿ!"

"ಆಯ್ತಣ್ಣ, ಆಯ್ತು."

"ಬೈರಿಗೆ ತೋರಿಸ್ತೀನಿ ಬೇಕಾದ್ರೆ. ತೂತಿಗೆ ಸರಿಯಾಗಿ ಕೂರುತ್ತೆ!" ಎಂದ ಮೇಲೆ ನೆನಪಾಯಿತು, ಬೈರಿಗೆ ಎರ್ಮಿನಿಯಾಳ ಚೀಲದಲ್ಲಿ ಕಡಲು ದಾಟಿ ಹೋಗಿತ್ತು. "ಹೋಗಿ ಚೆತ್ತಾನ ಕೇಳ್ರಿ!"

"ಚೆತ್ತಕ್ಕ ತಾನೇ ಸಿಪಾಯಿಗಳ ವಿಷಯ ಹೇಳಿದ್ದು," ಎಂದ ಇನ್ನೊಬ್ಬ ಮೆಲ್ಲಗೆ, ಕಾಯಿಲೆಯವರೊಂದಿಗೆ ಮಾತಾಡುವ ದನಿಯಲ್ಲಿ. "ಕೂತ್ಕೋ ವಿಸ್ತಿನ್, ಕೂತ್ಕೋ."

ಕುರ್ಚಿ ಎಳೆದು ಕೂರಿಸಿದರು. ಒಬ್ಬ ಬೆನ್ನು ಸವರಿದ. ಹೊರಗೆ ಕೀರಲು ದನಿ ಚರ್ಚಿನ ಕಡೆ ದೂರ ಹೋಗುತ್ತಿತ್ತು. ಸ್ಪೀರು ಮೇಲಿನ ಕಪಾಟಿನಿಂದ ಒಳ್ಳೇ ಬಾಟಲಿ ತೆಗೆದು, ಲೋಟ ತುಂಬಿ ಅವನ ಕೈಗಿಟ್ಟ.

"ನಿನ್ನಂಥವನು ಈ ಊರಲ್ಲಿ ಇನ್ನೊಬ್ಬ ಇಲ್ಲ ಬಿಡು," ಎಂದ. "ಕುಡಿಯಣ್ಣ."

ಎಲ್ಲರೂ ಅವನನ್ನೇ ನೋಡುತ್ತಿದ್ದರು, ಗುಡಿಯಲ್ಲಿ ಟೋಪಿ ತೆಗೆದು ನಿಲ್ಲುವವರ ಹಾಗೆ. ವಿಸ್ತಿನ್ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಲೋಟವೆತ್ತಿ ಕುಡಿದ.